ಹದಿನಾರು ಕಂತಿನ ಮಳೆಗಾಲ

ಮೊನ್ನೆ ಸಂಜೆ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯ ಮನೆಯ ಕಿಟಕಿಯಿಂದ ಒಂದು ಘಾಟು ಬಂದು ಮೂಗಿಗೆ ಬಡಿಯಿತು. ಒಗ್ಗರಣೆಯದಲ್ಲ, ಮಿರ್ಚಿ ಬಜ್ಜಿಯದೂ ಅಲ್ಲ. ಕೊರಿಯಾದ ನೂಡಲ್ಸ್ ಕುದಿಯುವ ವಾಸನೆ. ಒಂದಿಷ್ಟು ಖಾರ, ಒಂದಿಷ್ಟು ಸಿಹಿ, ಹುಳಿ ಬಂದ ಕೋಸಿನಂಥದ್ದು ಏನೋ ಒಂದು. ಆ ಮನೆಯ ಹುಡುಗಿ ಕಾಲೇಜಿನಿಂದ ಬಂದವಳೇ ಅದನ್ನು ಬೇಯಿಸಿಕೊಳ್ಳುತ್ತಾಳೆ. ನಾನು ಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಮೊಣಕಾಲು ನೋವಿಗೆ ನಿಂತಿರಬೇಕು ಅಂದುಕೊಂಡು ಹುಡುಗಿಯ ತಾಯಿ ಒಂದು ಲೋಟ ನೀರು ತಂದುಕೊಟ್ಟರು. ಪಲ್ಲವಿ ನಮ್ಮ ಮನೆಯಲ್ಲಿದ್ದ ಮಳೆಗಾಲ ನೆನಪಾಗಿ ನಿಂತೆ ಎಂದು ಅವರಿಗೆ ತೆಲುಗಿನಲ್ಲಿ ಹೇಗೆ ಹೇಳುವುದು? ನಗು ಬಂತು, ನಕ್ಕೆ. ಯಾಕೆಂದು ಗೊತ್ತಿಲ್ಲದಿದ್ದರೂ ಅವರೂ ನಕ್ಕರು.

ಪಲ್ಲವಿ ನನ್ನ ಅಣ್ಣ ದತ್ತಣ್ಣನ ಮಗಳು. ಬಾಗಲಕೋಟೆಯಲ್ಲಿ ಡಿಗ್ರಿ ಮುಗಿಸಿ, ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆಂದು ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಹೈದರಾಬಾದಿಗೆ ಬಂದಳು. ಹಾಸ್ಟೆಲಿಗೆ ಕಳಿಸಲು ದತ್ತಣ್ಣ ಒಪ್ಪಲಿಲ್ಲ. ಸೋದರತ್ತೆ ಊರಲ್ಲಿರುವಾಗ ಹಾಸ್ಟೆಲ್ ಎಂಥದು ಎಂದು ನಾನೂ ಒಪ್ಪಲಿಲ್ಲ. ನಾವು ಇಲ್ಲಿನ ಮಲ್ಕಾಜ್‌ಗಿರಿ ಬಡಾವಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನಮ್ಮ ಯಜಮಾನರು ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಇವತ್ತಿಗೂ ಮನೆ ಹಿಂದಿನ ಹಳಿಯ ಮೇಲೆ ಗಾಡಿ ಹೋದರೆ ಗಡಿಯಾರ ನೋಡಿ, ಲೇಟಾಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಮಗ ಗಿರೀಶ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಮಾತು ಕಡಿಮೆ, ಊಟ ಜಾಸ್ತಿ, ಒಳ್ಳೆಯ ಹುಡುಗ. ಹೆತ್ತವಳು ಹೇಳುವ ಮಾತು ಎಂದು ಒಂದಿಷ್ಟು ಕಳೆದು ಓದಿಕೊಳ್ಳಿ. ಕಳೆದರೂ ಒಳ್ಳೆಯ ಹುಡುಗನೇ ಉಳಿಯುತ್ತಾನೆ.

ಪಲ್ಲವಿಯ ದಿನಚರಿ ಹೀಗಿತ್ತು. ಬೆಳಗಾಗುತ್ತಲೇ ಬಸ್ಸಿನಲ್ಲಿ ಸಿಕಂದರಾಬಾದ್, ಅಲ್ಲಿಂದ ಮೆಟ್ರೋದಲ್ಲಿ ನಾರಾಯಣಗೂಡ. ಕ್ಲಾಸು ಮುಗಿಸಿ ಮಧ್ಯಾಹ್ನ ಊಟದ ಹೊತ್ತಿಗೆ ಮನೆ. ಉಂಡ ಮೇಲೆ ತಲೆಗೆ ಎರಡು ತಾಸು ಬಿಡುವು, ಆಮೇಲೆ ರಾತ್ರಿಯವರೆಗೆ ಓದು. ಆ ಎರಡು ತಾಸಿನ ಬಿಡುವಿಗೆ ಅವಳು ತನ್ನ ಫೋನನ್ನು ನಮ್ಮ ಟೀವಿಗೆ ಜೋಡಿಸಿ ಕೊರಿಯಾದ ಧಾರಾವಾಹಿ ಹಾಕುತ್ತಿದ್ದಳು. ಮೊದಲ ದಿನ ನಾನು ಮೆಂತ್ಯದ ಸೊಪ್ಪು ಸೋಸುತ್ತ, ಓದಲು ಬಂದ ಹುಡುಗಿಗೆ ಇದೆಲ್ಲ ಬೇಕಾ ಎಂಬ ಮುಖ ಮಾಡಿಕೊಂಡು ಪಕ್ಕದಲ್ಲಿ ಕೂತೆ. ಶ್ರೀಮಂತರ ಹುಡುಗನೊಬ್ಬ ಬಡ ಹುಡುಗಿಯ ಮೇಲೆ ಕಾಫಿ ಚೆಲ್ಲಿದ. ಇಬ್ಬರೂ ಜಗಳವಾಡಿದರು. ಮರುದಿನ ಅವಳು ಕೆಲಸಕ್ಕೆ ಸೇರಿದ ಕಂಪನಿಗೆ ಅವನೇ ಯಜಮಾನ. ಇದನ್ನು ಊಹಿಸಲು ನನಗೆ ಬ್ಯಾಂಕ್ ಪರೀಕ್ಷೆ ಪಾಸಾಗಬೇಕಿರಲಿಲ್ಲ. ಆದರೂ ಮುಂದೇನಾಯಿತು ನೋಡೋಣ ಎಂದು ಕೂತೆ, ಕೂತೇ ಇದ್ದೆ. ಆ ದಿನ ಸೊಪ್ಪಿನ ಜೊತೆ ಬೇರುಗಳೂ ಪಾತ್ರೆಗೆ ಬಿದ್ದಿದ್ದವು. ರಾತ್ರಿ ಪಲ್ಯ ತಿನ್ನುವಾಗ ಇವರು ಒಂದು ಬೇರನ್ನು ತಟ್ಟೆಯ ಅಂಚಿಗಿಟ್ಟು ನನ್ನ ಮುಖ ನೋಡಿದರು.

ಅಲ್ಲಿಂದ ಶುರುವಾಯಿತು. ಕೆಲವು ಹಿಂದಿಯಲ್ಲಿ ಬರುತ್ತಿದ್ದವು, ಕೆಲವು ತೆಲುಗಿನಲ್ಲಿ. ಎರಡೂ ಬರುವ ನನಗೆ ಯಾವುದಾದರೂ ಆಗುತ್ತಿತ್ತು. ಕೋಟು ಹಾಕಿದ ಕೊರಿಯಾದ ಮುದುಕ ಅಚ್ಚ ತೆಲುಗಿನಲ್ಲಿ ಮಗನನ್ನು ಬೈಯುವಾಗ ಅವನು ನಮ್ಮ ಬೀದಿಯ ಕೊನೆಯ ಮನೆಯವನೇ ಅನ್ನಿಸುತ್ತಿತ್ತು. ಆ ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಕೊರಿಯಾ ಮುಗಿಸಿ, ಚೀನಾದ ಅರಮನೆಗಳಿಗೆ ಹೋಗಿ, ಜಪಾನಿನಲ್ಲಿ ಎರಡು ವಾರ ಇದ್ದು ಬಂದಿದ್ದೆ. ಚೀನಾದವರಲ್ಲಿ ಯಾರಾದರೂ ಬೆಟ್ಟದ ತುದಿಯಿಂದ ಬಿದ್ದರೆ ಅವರು ಬದುಕಿದ್ದಾರೆ ಎಂದೇ ಅರ್ಥ. ತೊಟ್ಟ ರೇಷ್ಮೆ ಸಹ ಹರಿದಿರುವುದಿಲ್ಲ. ಜಪಾನಿನವರು ಇಡೀ ಕಥೆಯಲ್ಲಿ ಒಂದು ಸಲ ಕೈ ಮುಟ್ಟಿಕೊಳ್ಳುತ್ತಾರೆ, ಅದೂ ಸಾರಿನ ಬಟ್ಟಲು ಕೊಡುವಾಗ. ನನಗೆ ಹಿಡಿಸಿದ್ದು ಕೊರಿಯಾದವರೇ. ಮುಖ್ಯ ಕಾರಣ, ಅವರ ಕಥೆ ಹದಿನಾರು ಕಂತಿಗೆ ಮುಗಿಯುತ್ತದೆ. ನಾನು ನೋಡುತ್ತಿದ್ದ ನಮ್ಮ ಕಡೆಯ ಧಾರಾವಾಹಿಯಲ್ಲಿ ಗಿರೀಶ ಹೈಸ್ಕೂಲಿನಲ್ಲಿದ್ದಾಗ ಶುರುವಾದ ಸೀಮಂತ ಅವನಿಗೆ ನೌಕರಿ ಸಿಕ್ಕರೂ ಮುಗಿದಿರಲಿಲ್ಲ. ಎರಡನೆಯ ಕಾರಣ, ಕೊರಿಯಾದವರು ಎಷ್ಟೇ ಎದೆ ಒಡೆದರೂ ಊಟ ಬಿಡುವುದಿಲ್ಲ. ಅಳುತ್ತಲೇ ಪಾತ್ರೆಯ ಮುಚ್ಚಳದಲ್ಲಿ ನೂಡಲ್ಸ್ ಹಾಕಿಕೊಂಡು ಸೊರ್ ಎಂದು ಎಳೆಯುತ್ತಾರೆ. ಇದು ಮರ್ಯಾದಸ್ಥರ ದುಃಖ.

ತಕರಾರುಗಳೂ ಇದ್ದವು. ಹುಡುಗಿಯ ಮುಂಗೈ ಹಿಡಿದು ದರದರ ಎಳೆದೊಯ್ಯುವ ನಾಯಕನನ್ನು ಕಂಡರೆ ನನ್ನ ಮೈ ಉರಿಯುತ್ತಿತ್ತು. ಅವಳೇನು ಕಟ್ಟಿದ ಕರುವೇ? ಆ ಊರಿನ ಲಾರಿಗಳಿಗೆ ಬ್ರೇಕೇ ಇಲ್ಲ. ಯಾರಾದರೂ ನಗುತ್ತ ರಸ್ತೆ ದಾಟಿದರೆ ಮುಗಿಯಿತು, ಎಲ್ಲಿಂದಲೋ ಒಂದು ಬಿಳಿ ಲಾರಿ ಬಂದೇ ಬರುತ್ತದೆ. ಆಸ್ಪತ್ರೆಯಲ್ಲಿ ಏಳುವಾಗ ಅವರಿಗೆ ಬೇಕಾದವರ ಹೆಸರು ಮಾತ್ರ ಮರೆತಿರುತ್ತದೆ, ಉಳಿದದ್ದೆಲ್ಲ ನೆನಪಿರುತ್ತದೆ. ನಾಯಕನ ಶ್ರೀಮಂತ ತಾಯಿ ಹೋಟೆಲಿನಲ್ಲಿ ಕೂತು ಹುಡುಗಿಯ ಮುಖಕ್ಕೆ ಲೋಟದ ನೀರು ಎರಚುವುದು ಇನ್ನೊಂದು. ನಮ್ಮ ಕಡೆ ನಲ್ಲಿ ನೀರು ಬಿಡುವುದೇ ದಿನ ಬಿಟ್ಟು ದಿನ. ಇಂಥ ಅತ್ತೆ ಮಲ್ಕಾಜ್‌ಗಿರಿಯಲ್ಲಿ ಒಂದು ವಾರ ಬಾಳುವುದಿಲ್ಲ. ಇವರು ಪೇಪರಿನ ಹಿಂದಿನಿಂದ ಎಲ್ಲ ನೋಡುತ್ತಿದ್ದರು, ಆದರೆ ನೋಡುತ್ತೇನೆಂದು ಒಪ್ಪುತ್ತಿರಲಿಲ್ಲ. ನಾಯಕ ಕುಡಿದ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ಏರು ಹತ್ತಿದಾಗ, ಇವನ ಸೊಂಟ ನಲವತ್ತಕ್ಕೆ ಹೋಗುತ್ತದೆ ಎಂದು ಪೇಪರಿನ ಹಿಂದಿನಿಂದಲೇ ಭವಿಷ್ಯ ಹೇಳಿದರು.

ನನ್ನ ದೊಡ್ಡ ತಕರಾರು ಬೇರೆಯೇ. ಈ ಧಾರಾವಾಹಿಯವರು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುತ್ತಾರೆ, ಕಣ್ಣು ತುಂಬಿಕೊಂಡು ಹೊರಟುಹೋಗುತ್ತಾರೆ. ಇನ್ನು ಆರು ಕಂತು ಇಬ್ಬರೂ ಬೇರೆ ಬೇರೆ ಕಿಟಕಿಯಲ್ಲಿ ನಿಂತು ಮಳೆ ನೋಡುತ್ತಾರೆ. ಎದುರು ಕೂತು ನಿನಗೆ ನಾನು ಬೇಕೋ ಬೇಡವೋ ಎಂದು ಕೇಳಿದ್ದರೆ ಎರಡನೇ ಕಂತಿಗೆ ಮುಗಿದು, ಅವರವರ ಕೆಲಸ ಅವರವರು ಮಾಡಿಕೊಂಡಿರಬಹುದಿತ್ತು. ಇದನ್ನು ನಾನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಒಮ್ಮೆ ಪಲ್ಲವಿ ನಕ್ಕು, "ಅತ್ತೀ, ಕೇಳೂದು ಅಷ್ಟು ಸರಳ ಇದ್ದಿದ್ರ ನಾವಿಬ್ರೂ ಮಧ್ಯಾಹ್ನ ಏನ್ ನೋಡಬೇಕಾಗಿತ್ತು ಹೇಳ್ರಿ" ಎಂದಳು.

ಆಷಾಢ ಬಂತು. ಸಿಕಂದರಾಬಾದಿನ ಕಡೆಯಿಂದ ಬೋನಾಲು ಹಬ್ಬದ ಡೋಲಿನ ಸದ್ದು ಕೇಳುವ ದಿನಗಳಲ್ಲಿ ಮಳೆ ಹಿಡಿದುಕೊಂಡಿತು. ನಮ್ಮಲ್ಲಿ ರೈಲು ಸೇತುವೆಯ ಕೆಳಗೆ ನೀರು ನಿಂತರೆ ಬಸ್ಸು ಅಲ್ಲೇ ನಿಲ್ಲುತ್ತದೆ, ಇಳಿದವರು ಬಳಸಿ ನಡೆದು ಬರಬೇಕು. ಗಿರೀಶನಿಗೆ ಆ ವಾರ ರಾತ್ರಿ ಪಾಳಿ ಇದ್ದುದರಿಂದ ಹಗಲು ಮನೆಯಲ್ಲೇ ಇದ್ದ. ಪಲ್ಲವಿ ಬರುವ ಹೊತ್ತಿಗೆ ಕೊಡೆ ಹಿಡಿದು ತಾನೇ ಹೋದ. ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಇಬ್ಬರೂ ಒಂದೇ ಕೊಡೆಯಲ್ಲಿ ಬಂದರು. ಅವಳ ಜಡೆಯ ತುದಿಯೂ ನೆನೆದಿರಲಿಲ್ಲ. ಇವನ ಎಡಭುಜದಿಂದ ನೀರು ಸುರಿಯುತ್ತಿತ್ತು.

ಕೊರಿಯಾದ ಧಾರಾವಾಹಿ ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ನೋಡದವರಿಗೆ ಹೇಳುತ್ತೇನೆ: ಕೊಡೆ ಒಂದೇ ಇದ್ದು ಗಂಡಿನ ಒಂದು ಭುಜ ನೆನೆದಿದ್ದರೆ ಅದು ಪ್ರೀತಿ. ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನನ್ನ ಎದೆಯಲ್ಲಿ ಹಿನ್ನೆಲೆ ಸಂಗೀತ ಶುರುವಾಯಿತು. ಅಣ್ಣನ ಮಗಳು ಸೊಸೆಯಾಗಿ ಬರಬೇಕು ಎಂಬ ಆಸೆ ನನಗೆ ಅವಳು ಹುಟ್ಟಿದಾಗಿನಿಂದ ಇತ್ತು. ಹೇಳಿರಲಿಲ್ಲ ಅಷ್ಟೆ. ಈ ಧಾರಾವಾಹಿಗಳಲ್ಲಿ ನಾಯಕ ನಾಯಕಿ ಚಿಕ್ಕವರಿದ್ದಾಗಲೇ ಎಲ್ಲೋ ಭೇಟಿಯಾಗಿದ್ದರು ಎಂದು ಹನ್ನೆರಡನೇ ಕಂತಿನಲ್ಲಿ ಗೊತ್ತಾಗುತ್ತದೆ, ಎಲ್ಲರೂ ವಿಧಿ ವಿಧಿ ಎಂದು ಬೆರಗಾಗುತ್ತಾರೆ. ನಮ್ಮಲ್ಲಿ ಅದಕ್ಕೆ ಸೋದರಿಕೆ ಎನ್ನುತ್ತಾರೆ. ಗಿರೀಶ ಇವಳ ತೊಟ್ಟಿಲು ತೂಗಿದ್ದಾನೆ.

ಮೇಲಿಂದ ಮೇಲೆ ಗುರುತುಗಳು ಸಿಗುತ್ತ ಹೋದವು. ಶ್ರಾವಣದಲ್ಲಿ ಪಲ್ಲವಿಗೆ ಜ್ವರ ಬಂತು. ಗಿರೀಶ ಎರಡು ದಿನ ರಜೆ ಹಾಕಿ ರಕ್ತಪರೀಕ್ಷೆಗೆ ಕರೆದೊಯ್ದ, ಎಳನೀರು ತಂದ, ಅವಳ ಕೋಚಿಂಗಿನ ಗೆಳತಿಯರಿಂದ ತಪ್ಪಿದ ಪಾಠಗಳನ್ನೆಲ್ಲ ಫೋನಿಗೆ ತರಿಸಿಟ್ಟ. ನಾಲಿಗೆ ರುಚಿ ಕೆಟ್ಟಿದೆ ಎಂದಳೆಂದು ಎಲ್ಲೋ ಹುಡುಕಿ ಕೊರಿಯಾದ ನೂಡಲ್ಸ್ ಪೊಟ್ಟಣ ತಂದು, ಫೋನಿನಲ್ಲಿ ನೋಡಿಕೊಂಡು ತಾನೇ ಮಾಡಿದ. ಇಡೀ ಮನೆ ಕೆಮ್ಮಿತು. ಅವಳು ಅದರ ಮೇಲೆ ನನ್ನ ಶೇಂಗಾ ಚಟ್ನಿ ಪುಡಿ ಉದುರಿಸಿಕೊಂಡು, ಕಣ್ಣಲ್ಲಿ ನೀರು ಹರಿಸುತ್ತ, ಪಾತ್ರೆ ಬಳಿದು ತಿಂದಳು. ಜ್ವರದಲ್ಲಿ ಆರೈಕೆ ಎಂದರೆ ಎಂಟನೇ ಕಂತು. ನಾನು ಯಜಮಾನರನ್ನು ಅಡುಗೆಮನೆಗೆ ಕರೆದು ವಿಷಯ ಹೇಳಿದೆ. ಇವರು ಯೋಚಿಸಿ, "ಸಿಗ್ನಲ್ ಬೀಳೂದಕ್ಕಿಂತ ಮೊದಲ ಹಸಿರು ಬಾವುಟ ತೋರಸಬ್ಯಾಡ" ಎಂದರು. ಗೂಡ್ಸ್ ಗಾಡಿಯವರಿಗೆ ಎಲ್ಲ ನಿಧಾನವೇ ಎಂದು ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಗಣಪತಿ ಹಬ್ಬದ ದಿನ ದತ್ತಣ್ಣ ಫೋನ್ ಮಾಡಿದ. ಪಲ್ಲವಿಗೆ ಬೆಳಗಾವಿಯಿಂದ ಒಂದು ಸಂಬಂಧ ಬಂದಿದೆ, ಮನೆತನ ಚೆನ್ನಾಗಿದೆ, ಅವರಿಗೆ ಅವಸರವೂ ಇದೆ. ಆದರೆ ಹಕ್ಕು ನಿಮ್ಮದು ಮೊದಲು, ದಸರೆ ಮುಗಿದ ಮರುದಿನ ಎಲೆ ಅಡಿಕೆ ತಗೊಂಡು ಬರುತ್ತೇನೆ, ಹೂಂ ಉಹೂಂ ಅವತ್ತೇ ಹೇಳಿಬಿಡಿ ಎಂದ.

ಎಲೆ ಅಡಿಕೆ ಎಂದರೆ ಇಷ್ಟು. ನಮ್ಮ ಮನೆತನಗಳಲ್ಲಿ ಹೆಣ್ಣನ್ನು ಹೊರಗೆ ಕೊಡುವ ಮೊದಲು ಅವಳ ತಂದೆ ಸೋದರತ್ತೆಯ ಮನೆಗೆ ಬಂದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೇಳಬೇಕು. ಬೇಕು ಅನ್ನುವವರು ಎಲೆ ಎತ್ತಿಕೊಳ್ಳುತ್ತಾರೆ. ಬೇಡ ಅನ್ನುವವರು ತಟ್ಟೆಯನ್ನು ತಿರುಗಿ ಕೊಡುತ್ತಾರೆ. ಈ ಎರಡರಲ್ಲಿ ಒಂದು ಆಗುವ ತನಕ ಬೇರೆ ಯಾರೂ ಹುಡುಗಿಯನ್ನು ನೋಡಲು ಬರುವಂತಿಲ್ಲ. ಈಗಿನ ಕಾಲದಲ್ಲಿ ಬಹಳ ಕಡೆ ಇದು ಒಂದು ಫೋನಿನಲ್ಲಿ ಮುಗಿಯುತ್ತದೆ. ದತ್ತಣ್ಣನದು ಬಾಗಲಕೋಟೆಯಲ್ಲಿ ಸೀರೆ ಅಂಗಡಿ. ಅಳತೆಯಲ್ಲಿ ಒಂದು ಬೆರಳು ಹೆಚ್ಚು ಕಡಿಮೆಯಾದರೂ ನಿದ್ದೆ ಬಾರದ ಮನುಷ್ಯ. ಅವನು ಪದ್ಧತಿ ಬಿಡುವವನಲ್ಲ. ನಾನಂತೂ ಫೋನ್ ಇಟ್ಟವಳೇ ಬೀರುವಿನಿಂದ ಸೀರೆ ತೆಗೆದು ಹಾಸಿಗೆಯ ಮೇಲೆ ಹರಡಿಕೊಂಡು ಕೂತೆ. ಎಷ್ಟು ಖುಷಿಯಾಗಿದ್ದೆನೆಂದರೆ ಆ ದಿನ ಕಡುಬಿಗೆ ಬೆಲ್ಲ ಎರಡು ಸಲ ಬಿತ್ತು.

ಆ ಖುಷಿಗೆ ಮೊದಲ ಬಿರುಕು ಬಿದ್ದದ್ದು ಒಂದು ಶನಿವಾರ ಮಧ್ಯಾಹ್ನ. ಆಗ ನಾವು ನೋಡುತ್ತಿದ್ದ ಕಥೆಯಲ್ಲಿ ಬೇಕರಿ ಇಟ್ಟುಕೊಂಡ ಒಬ್ಬ ಹುಡುಗನಿದ್ದ. ಇಂಥವನು ಎಲ್ಲ ಕಥೆಯಲ್ಲೂ ಒಬ್ಬನಿರುತ್ತಾನೆ, ಎರಡನೇ ನಾಯಕ. ನಾಯಕಿ ಅಳುವಾಗ ಕರವಸ್ತ್ರ ಕೊಡುವವನು ಅವನು, ನಗುವಾಗ ಅವಳು ನೋಡುವುದು ಇನ್ನೊಬ್ಬನನ್ನು. ನಾನು ಯಾವತ್ತೂ ಇವನ ಪಕ್ಷ. ಜಗಳಗಂಟ ಶ್ರೀಮಂತನನ್ನು ಬಿಟ್ಟು ಬಂಗಾರದಂಥ ಈ ಹುಡುಗನನ್ನು ಯಾಕೆ ಆರಿಸಿಕೊಳ್ಳುವುದಿಲ್ಲ ಇವಳು ಎಂದು ಟೀವಿಯ ಹುಡುಗಿಯನ್ನು ಬೈಯುತ್ತಿದ್ದೆ. ಗಿರೀಶ ಚುರಮುರಿ ತಿನ್ನುತ್ತ ಕೂತಿದ್ದ. ಪಲ್ಲವಿ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಛಲೋ ಇದ್ದರ ಅಷ್ಟ ಸಾಕೇನತ್ತಿ? ಆಕಿಗೂ ಅನ್ನಸಬೇಕಲ್ಲ."

"ಅದು ಖರೆ ಐತಿ" ಎಂದ ಗಿರೀಶ, ಮತ್ತೊಂದು ಹಿಡಿ ಚುರಮುರಿ ಬಾಯಿಗೆ ಹಾಕಿಕೊಂಡ.

ನಾನು ಅವನ ಮುಖ ನೋಡಿದೆ. ನೋಡಬಾರದಿತ್ತು ಅನ್ನಿಸಿತು. ಈ ಕಥೆಗಳಲ್ಲಿ ನಾಯಕನಿಗೆ ತಾಯಿ ಇರುತ್ತಾಳೆ, ನಾಯಕಿಗೆ ತಾಯಿ ಇರುತ್ತಾಳೆ, ಖಳನಾಯಕಿಗೂ ಇರುತ್ತಾಳೆ. ಎರಡನೇ ನಾಯಕನಿಗೆ ಮಾತ್ರ ತಾಯಿಯನ್ನು ತೋರಿಸಿದ್ದು ನಾನು ಕಂಡಿಲ್ಲ. ಯಾಕೆಂದು ಆಗ ತಿಳಿಯಿತು. ಅವಳು ಇದ್ದಿದ್ದರೆ ಆ ಕಥೆಯನ್ನು ಹಾಗೆ ಮುಗಿಯಲು ಬಿಡುತ್ತಿರಲಿಲ್ಲ.

ನಾನೂ ಬಿಡುವವಳಲ್ಲ ಎಂದುಕೊಂಡೆ. ಇನ್ನೂ ನಾಲ್ಕು ಕಂತು ಬಾಕಿ ಇರುವಾಗ ಇವಳಿಗೆ ಅನ್ನಿಸಲೂಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬತುಕಮ್ಮ ಹಬ್ಬ ಬಂತು. ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ತಂಗೇಡು ಹೂವಿನ ಗೋಪುರದ ಸುತ್ತ ಚಪ್ಪಾಳೆ ತಟ್ಟಿ ಆಡುವಾಗ ಪಲ್ಲವಿಯನ್ನೂ ಎಳೆದುಕೊಂಡರು. ಗಿರೀಶ ಮೇಲಿನಿಂದ ನೋಡುತ್ತ ನಿಂತಿದ್ದ. ಅವಳು ತಲೆ ಎತ್ತಿ ಅವನಿಗೆ ಕೈ ಬೀಸಿದಳು. ಆಮೇಲೆ ನನಗೂ ಅಷ್ಟೇ ಖುಷಿಯಿಂದ ಬೀಸಿದಳು, ಇವರಿಗೂ ಬೀಸಿದಳು, ವಾಚ್‌ಮನ್ನನ ಹೆಂಡತಿಗೂ ಬೀಸಿದಳು. ನಾನು ಎಷ್ಟು ಹುಡುಕಿದರೂ ನಾಲ್ಕರಲ್ಲಿ ವ್ಯತ್ಯಾಸ ಕಾಣಲಿಲ್ಲ.

ದಸರೆಯ ಮರುದಿನ ಬೆಳಿಗ್ಗೆ ಶಿರಾಕ್ಕೆ ರವೆ ಹುರಿಯುತ್ತಿದ್ದೆ. ಪಲ್ಲವಿ ಪಕ್ಕದಲ್ಲಿ ಏಲಕ್ಕಿ ಕುಟ್ಟುತ್ತಿದ್ದಳು. ದತ್ತಣ್ಣನ ಗಾಡಿ ಬರಲು ಇನ್ನೂ ಒಂದು ತಾಸಿತ್ತು. ಅವಳು ಕುಟ್ಟಿದ್ದನ್ನೇ ಕುಟ್ಟುತ್ತಿದ್ದಳು, ಏಲಕ್ಕಿ ಹಿಟ್ಟಾಗಿತ್ತು. ನಾಲ್ಕು ತಿಂಗಳಿಂದ ಟೀವಿಯವರಿಗೆ ಬಾಯಿಬಿಟ್ಟು ಕೇಳಿ ಎಂದು ಬುದ್ಧಿ ಹೇಳುತ್ತಿದ್ದವಳು ನಾನು. ನನ್ನ ಮನೆಯಲ್ಲಿ ಈ ಹುಡುಗಿಯನ್ನು ಯಾರೂ ಏನೂ ಕೇಳಿಲ್ಲ ಎಂಬುದು ಆಗ ಹೊಳೆಯಿತು. ನಮ್ಮ ಪದ್ಧತಿಯಲ್ಲಿ ತಟ್ಟೆಯ ಮುಂದೆ ಹುಡುಗಿಗೆ ಜಾಗವೇ ಇಲ್ಲ. ಒಲೆ ಆರಿಸಿದೆ. ಗಿರೀಶನನ್ನು ಮದುವೆಯಾಗಲು ನಿನಗೆ ಮನಸ್ಸಿದೆಯಾ, ಇದ್ದದ್ದು ಇದ್ದ ಹಾಗೆ ಹೇಳು, ನಾನು ಸೋದರತ್ತೆ ಎಂಬುದನ್ನು ಮರೆತು ಹೇಳು ಎಂದೆ.

ಅವಳು ಒರಳಿನ ಮೇಲಿಂದ ಕೈ ತೆಗೆದಳು. "ಅತ್ತೀ, ಗಿರೀ ಅಂದ್ರ ನನಗ ಭಾಳ ಜೀವ. ಖರೆ ಲಗ್ನದ ಮಾತ ಬಂದ್ರ ನನಗ ಹಂಗ ಅನ್ನಸಂಗಿಲ್ಲ. ನನಗ ಈಗ ಯಾರ ಮ್ಯಾಲೂ ಅನ್ನಸಂಗಿಲ್ಲ. ಪರೀಕ್ಷಾ ಒಂದ ಬರದ್ರ ಸಾಕಾಗೇತಿ." ಆಮೇಲೆ ತಡೆದುಕೊಂಡಿದ್ದೆಲ್ಲ ಒಮ್ಮೆಗೇ ಬಂತು. ನಾವು ಉಹೂಂ ಎಂದರೆ ಅಪ್ಪ ಇವತ್ತೇ ತನ್ನನ್ನು ಊರಿಗೆ ಕರೆದೊಯ್ಯುತ್ತಾನೆ. ಭಾನುವಾರ ಬೆಳಗಾವಿಯವರು ನೋಡಲು ಬರುತ್ತಾರೆ, ಅವರು ಒಪ್ಪಿದರೆ ದೀಪಾವಳಿಗೆ ಮದುವೆ. ಪರೀಕ್ಷೆ ಇರುವುದು ಅದಕ್ಕೂ ಆಮೇಲೆ. ಮದುವೆ ಆದ ಮೇಲೆ ಬರೆಯಬಹುದಲ್ಲ ಎಂದು ಅಪ್ಪ ಅನ್ನುತ್ತಾನೆ, ಹಾಗೆಂದು ಹೇಳಿಸಿಕೊಂಡ ಅಕ್ಕಂದಿರು ಯಾರೂ ಬರೆದದ್ದನ್ನು ತಾನು ನೋಡಿಲ್ಲ. ಇಷ್ಟು ಹೇಳಿ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನನಗೆ ದಿಕ್ಕು ತೋಚಲಿಲ್ಲ. ಹೂಂ ಎಂದರೆ ಮನಸ್ಸಿಲ್ಲದ ಹುಡುಗಿಯನ್ನು ಕಟ್ಟಿಹಾಕಿದ ಹಾಗೆ. ಉಹೂಂ ಎಂದರೆ ಅವಳ ಓದಿಗೆ ನಾನೇ ಕೈಯಾರೆ ಬಾಗಿಲು ಹಾಕಿದ ಹಾಗೆ. ತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಗಿರೀಶ ನಿಂತಿದ್ದ. ಕೈಯಲ್ಲಿ ಬೈಕಿನ ಕೀಲಿ ಇತ್ತು, ಮಾಮನನ್ನು ಕರೆತರಲು ಹೊರಟವನು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಆದರೆ ಟೀವಿಯ ಗಂಡುಗಳ ಹಾಗೆ ಅರ್ಧ ಕೇಳಿ ಓಡಿಹೋಗಿರಲಿಲ್ಲ, ಪೂರ್ತಿ ಕೇಳಿದ್ದ. ಪಲ್ಲವಿ ತಲೆ ತಗ್ಗಿಸಿದಳು. ಅವನು ಅವಳ ಮುಂದಿದ್ದ ಏಲಕ್ಕಿ ಪುಡಿಯನ್ನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು, ಗಾಡಿಗೆ ಹೊತ್ತಾಯಿತು ಎಂದು ಹೊರಟುಹೋದ.

ದತ್ತಣ್ಣ ಬಂದ. ಬನ್ನಿ ಕೊಟ್ಟು, ಕರದಂಟಿನ ಡಬ್ಬಿ ಕೊಟ್ಟು, ಕೈಕಾಲು ತೊಳೆದು, ಶಿರಾ ತಿಂದು, ಜಮಖಾನೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತ. ತಟ್ಟೆಯಲ್ಲಿ ಎಲೆ ಜೋಡಿಸಿ ಅಡಿಕೆ ಇಟ್ಟ. ಪಲ್ಲವಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು; ಅವಳ ಚೀಲ ಕಟ್ಟಿಡಲು ದತ್ತಣ್ಣ ಬಂದ ಕೂಡಲೇ ಹೇಳಿದ್ದ. ಇವರು ಗಡಿಯಾರ ನೋಡಿದರು. ದತ್ತಣ್ಣ ತಟ್ಟೆಯನ್ನು ನನ್ನ ಕಡೆ ಸರಿಸಿ, "ಸುಮಿತ್ರಾ, ಹಕ್ಕು ನಿಮ್ಮದು. ಬೇಕಂದ್ರ ಎಲಿ ಎತ್ತಿಕೊಳ್ರಿ, ಬ್ಯಾಡಂದ್ರ ತಿರುಗಿ ಕೊಡ್ರಿ" ಎಂದ. ನಾನು ಕೈ ಚಾಚಲೂ ಇಲ್ಲ, ಹಿಂದೆ ತೆಗೆಯಲೂ ಇಲ್ಲ. ಬಾಯಿ ಒಣಗಿತ್ತು.

ಗಿರೀಶ ಎದ್ದ. ಬಾಗಿ ತಟ್ಟೆಯನ್ನು ಎರಡೂ ಕೈಯಿಂದ ಎತ್ತಿದ. ಎಲೆ ಮುಟ್ಟಲಿಲ್ಲ. ಮಾಮನ ಕಡೆ ತಿರುಗಿಸಲೂ ಇಲ್ಲ. ಹಾಗೇ ಹಿಡಿದುಕೊಂಡು ಹೋಗಿ ದೇವರ ಗೂಡಿನಲ್ಲಿ, ದೀಪದ ಪಕ್ಕ ಇಟ್ಟು ಬಂದ.

"ಮಾಮಾ, ಇದು ಸಣ್ಣ ಮಾತಲ್ಲರಿ, ನಾವಿನ್ನೂ ವಿಚಾರ ಮಾಡಾಕತ್ತೇವಿ" ಎಂದ. "ಆಕಿ ಪರೀಕ್ಷಾ ಮುಗದು ರಿಸಲ್ಟ್ ಬರಲಿ, ಆಮ್ಯಾಲ ಹೇಳತೇವಿ. ಅಲ್ಲೀತನಕ ಹಕ್ಕು ನಮ್ಮದರಿ. ಯಾರೂ ನೋಡಾಕ ಬರಂಗಿಲ್ಲ."

ದತ್ತಣ್ಣ ಎತ್ತಿಕೊಳ್ಳುವವರನ್ನು ಕಂಡಿದ್ದ, ತಿರುಗಿ ಕೊಡುವವರನ್ನು ಕಂಡಿದ್ದ. ನಡುವೆ ಇಟ್ಟುಕೊಳ್ಳುವವರನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ಹಾಗೆ ಮಾಡಬಾರದು ಎಂದು ಹೇಳಿದವರೂ ಇರಲಿಲ್ಲ. ಪದ್ಧತಿಯ ಮನುಷ್ಯ ಪದ್ಧತಿಯಲ್ಲೇ ಸಿಕ್ಕಿಬಿದ್ದಿದ್ದ. ಅವನು ನನ್ನ ಕಡೆ ನೋಡಿದ. ನನ್ನ ಬಾಯಿಗೆ ಅದೆಲ್ಲಿಂದ ನೀರು ಬಂತೋ, ಹುಡುಗ ಹೇಳಿದ್ದೇ ನಮ್ಮೆಲ್ಲರ ಮಾತು ಎಂದೆ. ಅವನು ಇವರ ಕಡೆ ನೋಡಿದ. ಇವರು ಗಂಭೀರವಾಗಿ, ಸಂಜೆಯ ಗಾಡಿಗೆ ಇನ್ನೂ ಬಹಳ ಹೊತ್ತಿದೆ, ಊಟಕ್ಕೆ ಏಳಿ ಎಂದರು. ಬಾಗಿಲಲ್ಲಿ ಚೀಲದ ಜಿಪ್ಪು ಎಳೆಯುವ ಸದ್ದಾಯಿತು. ಪಲ್ಲವಿ ಮಡಚಿದ ಬಟ್ಟೆಗಳನ್ನು ಹೊರಗೆ ತೆಗೆಯುತ್ತಿದ್ದಳು.

ದತ್ತಣ್ಣ ಹೊರಟುಹೋದ ಮೇಲೆ ಪಾತ್ರೆ ತೊಳೆಯುತ್ತ ನಾನು ಗಿರೀಶನನ್ನು ಕೇಳಿದೆ. ಕೇಳುವ ಅಭ್ಯಾಸ ಅವತ್ತೇ ಶುರುವಾಗಿತ್ತಲ್ಲ.

"ನಿನಗ ಆಕಿ ಬೇಕಾಗಿದ್ಲೇನು?"

"ಬೇಕಾಗಿದ್ಲವ್ವಾ" ಎಂದ, ನಾನು ತೊಳೆದ ಪಾತ್ರೆ ಒರೆಸುತ್ತ. "ಆದರ ಆಕಿಗೆ ಬ್ಯಾಂಕ್ ಬೇಕಾಗೇತಿ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ದುಃಖ ಇತ್ತು, ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದರ ಮೇಲೆ ಅಷ್ಟೆತ್ತರಕ್ಕೆ ಹೆಮ್ಮೆ ಎದ್ದು ನಿಂತಿತ್ತು. ಇಂಥವನನ್ನು ನಾನು ಹೆತ್ತೆನಾ ಎಂದು ಅವನ ಬೆನ್ನ ಮೇಲೆ ಒದ್ದೆ ಕೈಯಲ್ಲೇ ಒಂದು ಏಟು ಕೊಟ್ಟೆ.

ಆಮೇಲಿನ ತಿಂಗಳುಗಳಲ್ಲಿ ನಕ್ಕಷ್ಟು ನಮ್ಮ ಮನೆ ಯಾವತ್ತೂ ನಕ್ಕಿದ್ದಿಲ್ಲ. ಎಲೆ ಒಣಗಿದರೆ ಹಕ್ಕೂ ಒಣಗಿದೆ ಎಂದು ದತ್ತಣ್ಣ ವಾದ ತೆಗೆದಾನು ಎಂಬ ಭಯಕ್ಕೆ ನಾನು ಮಂಗಳವಾರ, ಶುಕ್ರವಾರ ತಟ್ಟೆಯಲ್ಲಿ ಹೊಸ ಎಲೆ ಇಡುತ್ತಿದ್ದೆ. ಹಳೆಯ ಎಲೆಯನ್ನು ಇವರು ಊಟವಾದ ಮೇಲೆ ಹಾಕಿಕೊಂಡು, ಹಕ್ಕಿನ ರುಚಿ ಚೆನ್ನಾಗಿದೆ ಎನ್ನುತ್ತಿದ್ದರು. ಬೆಳಗಾವಿಯವರು ಕಾದು ಕಾದು ಬೇರೆ ಕಡೆ ನೋಡಿಕೊಂಡರು. ಮಧ್ಯಾಹ್ನದ ಧಾರಾವಾಹಿ ಒಂದು ತಾಸಿಗೆ ಇಳಿಯಿತು, ಪರೀಕ್ಷೆ ಹತ್ತಿರ ಬಂದಾಗ ನಿಂತೇಹೋಯಿತು. ನಾನು ಕದ್ದು ಒಂದೆರಡು ಕಂತು ನೋಡಿದ್ದನ್ನು ಪಲ್ಲವಿ ಹಿಡಿದಳು, ಎರಡು ದಿನ ಮಾತು ಬಿಟ್ಟಳು. ಪರೀಕ್ಷೆಯ ದಿನ ಗಿರೀಶನೇ ಬೈಕಿನಲ್ಲಿ ಬಿಟ್ಟು ಬಂದ. ಅವಳಿಗೆ ಆಮೇಲೆ ಯಾರು ಸಿಕ್ಕರು, ಇವನಿಗೆ ಯಾರು ಸಿಕ್ಕರು ಎಂಬುದೆಲ್ಲ ಬೇರೆ ವರ್ಷಗಳ ಮಾತು. ಇಬ್ಬರಿಗೂ ಒಳ್ಳೆಯವರೇ ಸಿಕ್ಕರು, ಇಬ್ಬರೂ ಕೇಳಿಯೇ ಮದುವೆಯಾದರು.

ಬೇಸಿಗೆಯಲ್ಲಿ ರಿಸಲ್ಟ್ ಬಂತು. ಪಾಸಾಗಿದ್ದಳು, ರಾಯಚೂರಿನಲ್ಲಿ ಕೆಲಸ. ಮನೆಯಲ್ಲಿ ಯಾರು ಯಾರನ್ನು ತಬ್ಬಿಕೊಂಡೆವು ಎಂದು ಈಗ ನೆನಪಿಲ್ಲ. ಇವರು ಗಾಡಿ ಹೋದರೂ ಗಡಿಯಾರ ನೋಡಲಿಲ್ಲ, ಅದು ನೆನಪಿದೆ. ಊಟಕ್ಕೆ ತಟ್ಟೆ ಹಾಕಿದ್ದೆ. ಗಿರೀಶ ಮೊದಲು ಮಾಮನಿಗೆ ಫೋನ್ ಮಾಡಿದ, ಎಲ್ಲರಿಗೂ ಕೇಳುವಂತೆ ಜೋರು ಮಾಡಿ ನಡುವೆ ಇಟ್ಟ. ಸುದ್ದಿ ಹೇಳಿದ. ಆಮೇಲೆ, ಬರುವ ಭಾನುವಾರ ಎಲೆ ಅಡಿಕೆ ತಿರುಗಿ ಕೊಡಲು ತಾನೇ ಬಾಗಲಕೋಟೆಗೆ ಬರುತ್ತೇನೆ, ನಮ್ಮ ಹಕ್ಕು ಬಿಟ್ಟಿದ್ದೇವೆ ಎಂದ. ಆ ಕಡೆ ಅಂಗಡಿಯಲ್ಲಿ ಯಾರೋ ಸೀರೆ ಕೊಡವುವ ಸದ್ದು ಕೇಳುತ್ತಿತ್ತು.

ಕೊನೆಗೆ ದತ್ತಣ್ಣ ಗಂಟಲು ಸರಿಮಾಡಿಕೊಂಡ. "ಅವಸರ ಏನೈತೋ ಗಿರೀಶಾ? ಹುಡುಗಿಗೆ ಈಗ ನೌಕರಿ ಹತ್ತೇತಿ, ಒಂದಿಷ್ಟು ದಿನ ಮಾಡಲಿ. ನಾಳೆಯಿಂದ ಮಂದಿ ಹೆಣ್ಣು ಕೇಳಾಕ ಸುರು ಮಾಡತಾರ, ನಾ ಏನ್ ಹೇಳಲಿ? ಇನ್ನೊಂದು ವರ್ಷ ಎಲಿ ನಿಮ್ಮ ದೇವರ ಮುಂದನ ಇರಲಿ."

ಪಲ್ಲವಿ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಇವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು, ಪೇಪರು ಅಲುಗಾಡುತ್ತಿತ್ತು. ನಾನು ನಗುತ್ತಲೇ ಮಗನ ಕಡೆ ನೋಡಿದೆ. ಅವನೂ ನಗುತ್ತಿದ್ದ, ಕಣ್ಣು ಒದ್ದೆಯಾಗಿತ್ತು. ಕೊರಿಯಾದವರ ಕಥೆಯಲ್ಲಿ ಕೊನೆಯ ಕಂತಿಗೆ ಎರಡನೇ ನಾಯಕನನ್ನು ಪರದೇಶಕ್ಕೆ ಕಳಿಸಿಬಿಡುತ್ತಾರೆ, ಅವನ ಮುಖ ನೋಡುವ ಧೈರ್ಯ ಬರೆದವರಿಗೆ ಇರುವುದಿಲ್ಲ. ನನ್ನ ಮಗ ಎಲ್ಲಿಗೂ ಹೋಗಲಿಲ್ಲ. ಫೋನ್ ಬದಿಗಿಟ್ಟು, ಕೈತೊಳೆದು ಬಂದು, ಪಲ್ಲವಿಯ ಪಕ್ಕದಲ್ಲೇ ಊಟಕ್ಕೆ ಕೂತು, ಒಂದು ರೊಟ್ಟಿ ಹಾಕವ್ವಾ ಎಂದ. ನಾನು ಎರಡು ಹಾಕಿದೆ.